ಹನಿಯುವ ನೀರು, ಕೇಳದ ಪ್ರಶ್ನೆ: ತೆಂಗಿನ ಸೀಮೆಯ ಹೆಂಗಸರ ಮೂತ್ರಸೋರಿಕೆ, ಶಸ್ತ್ರಚಿಕಿತ್ಸೆ ಮತ್ತು ದಾಂಪತ್ಯ

ತುರುವೇಕೆರೆ ತಾಲ್ಲೂಕಿನ ಸಂಪಿಗೆಯ ಸುತ್ತಮುತ್ತ ತೋಟದ ಗರಿ ಎಳೆದು ತರುವುದು, ಬಿದ್ದ ಕಾಯಿ ಆಯ್ದು ಗುಡ್ಡೆ ಹಾಕುವುದು, ಒಲೆಗೆ ಮಟ್ಟೆ ಹೊರುವುದು, ಕುಕ್ಕರಗಾಲಲ್ಲಿ ಕೂತು ನಾರಿನ ಕೆಲಸ ಮಾಡುವುದು ಬಹುಮಟ್ಟಿಗೆ ಹೆಂಗಸರ ಪಾಲು. ಭಾರ ಎತ್ತಿದಾಗಲೆಲ್ಲ ಹೊಟ್ಟೆಯ ಒತ್ತಡ ಮೂತ್ರಕೋಶದ ಮೇಲೆ ಬೀಳುತ್ತದೆ. ಹೆರಿಗೆಯಲ್ಲಿ ಸಡಿಲಗೊಂಡ ಶ್ರೋಣಿತಳದ ಸ್ನಾಯುಗಳು ಮೂತ್ರನಾಳಕ್ಕೆ ಅಡಿಯಿಂದ ಆಸರೆ ಕೊಡಲಾರದೆ ಹೋದರೆ, ಕೆಮ್ಮಿದರೆ, ಸೀನಿದರೆ, ಕುಕ್ಕೆ ಎತ್ತಿದರೆ ಹನಿ ಜಾರುತ್ತದೆ. ಇದು ಒತ್ತಡದ ಸೋರಿಕೆ. ತಟ್ಟನೆ ಅವಸರವಾಗಿ ಬಚ್ಚಲು ಸೇರುವುದರೊಳಗೆ ಹೋಗಿಬಿಡುವುದು ಬೇರೆ. ಅಲ್ಲಿ ಮೂತ್ರಕೋಶದ ಸ್ನಾಯುವೇ ಹೊತ್ತಲ್ಲದ ಹೊತ್ತಿನಲ್ಲಿ ಹಿಂಡಿಕೊಳ್ಳುತ್ತದೆ. ಎರಡೂ ಕೂಡಿರುವುದೂ ಉಂಟು.

ಕರ್ನಾಟಕದ 3,600 ತಾಯಂದಿರನ್ನು ಕೇಳಿ ಭಾಟಿಯಾ ಮತ್ತು ಕ್ಲೀಲಂಡ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಮೂರನೇ ಒಂದು ಭಾಗದವರು ಸ್ತ್ರೀರೋಗದ ಯಾವುದಾದರೊಂದು ಲಕ್ಷಣ ಹೇಳಿಕೊಂಡಿದ್ದರು. ಹೆಚ್ಚಾಗಿ ಬಂದ ದೂರುಗಳಲ್ಲಿ ನಿತ್ರಾಣ, ಸುಸ್ತು ಸೇರಿದ್ದವು. ಹೆಂಗಸು ವೈದ್ಯರ ಮುಂದೆ ಮೊದಲು ಇಡುವುದು ಹೇಳಲು ನಾಚಿಕೆಯಿಲ್ಲದ ಮಾತನ್ನು. ಸೋರಿಕೆ ಅದರ ಹಿಂದೆ ಇರುತ್ತದೆ; ಗಂಡನ ಜೊತೆ ಇರುವಾಗಿನ ಸೋರಿಕೆ ಇನ್ನೂ ಹಿಂದೆ.

ಈ ಕಡೆಯದನ್ನು ಕೇಳುವುದು ಕುತೂಹಲದ ಮಾತಲ್ಲ, ರೋಗನಿದಾನದ ಮಾತು. ಕೂಡುವಿಕೆಯ ಆರಂಭದಲ್ಲಿ, ಒಳಹೋಗುವಾಗ ನೀರು ಜಾರಿದರೆ ಅದು ಹೆಚ್ಚಾಗಿ ಒತ್ತಡದ ಸೋರಿಕೆ. ಸುಖದ ತುದಿಯಲ್ಲಿ ಹೋದರೆ ಅನೇಕ ವೇಳೆ ಮೂತ್ರಕೋಶದ ಅಕಾಲಿಕ ಹಿಂಡಿಕೆಯ ಗುರುತು. ಮೊದಲನೆಯದಕ್ಕೆ ಶಸ್ತ್ರಚಿಕಿತ್ಸೆ ಫಲಿಸುವ ಸಾಧ್ಯತೆ ಚೆನ್ನಾಗಿದೆ. ಎರಡನೆಯದಕ್ಕೆ ಮೂತ್ರಕೋಶದ ತರಬೇತಿ, ಔಷಧಿ ಮೊದಲು. "ಮನೆಯೋರ ಜೊತೆ ಇರುವಾಗ ನೀರು ಹೋಗುತ್ತೇನಮ್ಮಾ? ಮೊದಲಿಗೋ, ಕೊನೆಗೋ?" ಇಷ್ಟನ್ನು, ಅತ್ತೆಯನ್ನೂ ಗಂಡನನ್ನೂ ಹೊರಗೆ ಕೂರಿಸಿ, ನರ್ಸಮ್ಮನೋ ವೈದ್ಯೆಯೋ ಕೇಳಿದರೆ ಸಾಕು. ಕೇಳದಿದ್ದರೆ ವಾಸನೆಯ ಭಯಕ್ಕೆ ಹಾಸಿಗೆ ಬೇರೆ ಮಾಡಿಕೊಂಡವಳ ಮೇಲೆ ಗಂಡನನ್ನು ಹತ್ತಿರ ಸೇರಿಸುವುದಿಲ್ಲವೆಂಬ ಅಪವಾದ ಉಳಿಯುತ್ತದೆ.

ಕೇಳದೆ ಹೋದಾಗ ಆಗುವ ಇನ್ನೊಂದು ಅನ್ಯಾಯ ಗರ್ಭಕೋಶ ತೆಗೆಸುವುದು. ಮಕ್ಕಳಾದ ಮೇಲೆ ಅದರಿಂದೇನು ಕೆಲಸ ಎಂಬ ಮಾತು ನಮ್ಮಲ್ಲಿ ಬಲು ಸಲೀಸು. ಗರ್ಭಕೋಶ ತೆಗೆಯುವುದು ಮೂತ್ರಸೋರಿಕೆಗೆ ಚಿಕಿತ್ಸೆಯೇ ಅಲ್ಲ. ಸ್ವೀಡನ್ನಿನಲ್ಲಿ ಗರ್ಭಕೋಶ ತೆಗೆಸಿಕೊಂಡ 1,65,260 ಹೆಂಗಸರನ್ನು ಉಳಿದವರೊಂದಿಗೆ ಹೋಲಿಸಿ 2007ರಲ್ಲಿ ಪ್ರಕಟವಾದ ಅಧ್ಯಯನ, ಅವರಿಗೆ ಮುಂದೆ ಸೋರಿಕೆಯ ಶಸ್ತ್ರಚಿಕಿತ್ಸೆ ಬೇಕಾಗುವ ಸಂಭವ ಎರಡು ಪಟ್ಟಿಗೂ ಹೆಚ್ಚೆಂದು ತೋರಿಸಿತು.

ಅರ್ನಾಲ್ಡ್ ಕೆಗೆಲ್ 1948ರಲ್ಲಿ ಬರೆದ, ಶ್ರೋಣಿತಳವನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಇಂದಿಗೂ ಮೊದಲ ಚಿಕಿತ್ಸೆ. ಕಾಸು ಖರ್ಚಿಲ್ಲ. ಆದರೆ ಸೋರಿಕೆ ಬಲವಾಗಿದ್ದವರಿಗೆ ಅದರ ಮಿತಿಯನ್ನು ಮುಚ್ಚಿಡಬಾರದು. 2013ರ ಡಚ್ ಅಧ್ಯಯನದ 460 ಮಂದಿಯಲ್ಲಿ ವ್ಯಾಯಾಮದಿಂದ ಆರಂಭಿಸಿದವರ ಪೈಕಿ ಶೇ. 49ರಷ್ಟು ಮಂದಿ ವರ್ಷದೊಳಗೆ ಶಸ್ತ್ರಚಿಕಿತ್ಸೆಗೆ ಹೋದರು.

ಆ ಶಸ್ತ್ರಚಿಕಿತ್ಸೆಯ ತತ್ವ ಮಗು ಮಲಗಿಸುವ ಜೋಲಿಯದೇ. ಮೂತ್ರನಾಳದ ಅಡಿಗೆ ಪಟ್ಟಿಯೊಂದನ್ನು ಹಾಯಿಸಿದರೆ ಒತ್ತಡ ಬಿದ್ದಾಗ ನಾಳಕ್ಕೆ ಆಸರೆಯಾಗುತ್ತದೆ. ಉಲ್ಫ್ ಉಲ್ಮ್‌ಸ್ಟೆನ್ 1996ರಲ್ಲಿ ವಿವರಿಸಿದ ಪಟ್ಟಿ ಪಾಲಿಪ್ರೊಪಿಲೀನ್ ಜಾಲರಿಯದು. ರೋಗಿಯ ಹೊಟ್ಟೆಯ ಗೋಡೆಯ ಗಟ್ಟಿಪೊರೆಯಿಂದಲೇ ಜೋಲಿ ಮಾಡುವುದು ಹಳೆಯ ಕ್ರಮ. ಯೋನಿಯ ಪಕ್ಕದ ಅಂಗಾಂಶವನ್ನು ಮೇಲಕ್ಕೆತ್ತಿ ಹೊಲಿಯುವ ಬರ್ಚ್ ವಿಧಾನ 1961ರದು. ಅಮೆರಿಕದ 655 ಹೆಂಗಸರಲ್ಲಿ ಪೊರೆಯ ಜೋಲಿಯನ್ನೂ ಬರ್ಚ್ ವಿಧಾನವನ್ನೂ ಹೋಲಿಸಿದಾಗ ಎರಡು ವರ್ಷಗಳ ನಂತರ ಒತ್ತಡದ ಸೋರಿಕೆ ನಿಂತದ್ದು ಕ್ರಮವಾಗಿ ಶೇ. 66 ಮತ್ತು 49ರಲ್ಲಿ. ಮೂತ್ರ ಕಟ್ಟುವ ತೊಂದರೆ ಜೋಲಿಯವರಲ್ಲೇ ಹೆಚ್ಚು. ನನಗೆ ಮುಖ್ಯವೆನಿಸುವುದು ಅದೇ ಗುಂಪಿನಿಂದ 2009ರಲ್ಲಿ ಬಂದ ಇನ್ನೊಂದು ಫಲಿತಾಂಶ: ಸೋರಿಕೆ ನಿಂತವರ ಲೈಂಗಿಕ ಜೀವನವೂ ಸುಧಾರಿಸಿತ್ತು, ವಿಧಾನ ಯಾವುದೇ ಇರಲಿ.

ಎಲ್ಲರಿಗೂ ಹಾಗಾಗುವುದಿಲ್ಲ. ಜಾಲರಿಯ ಅಂಚು ಯೋನಿಯೊಳಗೆ ಹೊರಬಿದ್ದರೆ ಅವಳಿಗೆ ನೋವು, ಅವನಿಗೆ ಚುಚ್ಚು. ತೊಡೆಸಂದಿಯ ಮೂಲಕ ಹಾಯಿಸಿದ ಪಟ್ಟಿಯಿಂದ ಅಲ್ಲಿ ನೋವು ಉಳಿಯಬಹುದು. ನೊಂದ ಹೆಂಗಸರ ಒತ್ತಾಯದಿಂದ ಇಂಗ್ಲೆಂಡ್ 2018ರ ಜುಲೈನಲ್ಲಿ ಇಂಥ ಜಾಲರಿಯ ಬಳಕೆಗೆ ತಡೆ ಹಾಕಿತು. ಅಮೆರಿಕ 2019ರಲ್ಲಿ ನಿಲ್ಲಿಸಿದ್ದು ಜಾರಿದ ಅಂಗಗಳಿಗೆ ಯೋನಿಯ ಮೂಲಕ ಹಾಕುವ ಜಾಲರಿಯ ಮಾರಾಟವನ್ನು, ಸೋರಿಕೆಯ ಪಟ್ಟಿಯನ್ನಲ್ಲ. ಈ ಎರಡನ್ನು ಒಂದೇ ಮಾಡಿ ಹೆದರಿಸುವುದೂ ತಪ್ಪು, ಪಟ್ಟಿ ನಿರಪಾಯವೆಂದು ಸಹಿ ಹಾಕಿಸುವುದೂ ತಪ್ಪು.

ಒಪ್ಪಿಗೆ ಪತ್ರದಲ್ಲಿ ಪಟ್ಟಿ ಯಾವುದರದು, ಮುಂದೆ ನೋವಾದರೆ ತೆಗೆಯುವುದು ಎಷ್ಟು ಕಷ್ಟ, ಪೊರೆಯ ಜೋಲಿ ಇದೆಯೇ ಎಂಬುದು ಅವಳ ಮಾತಿನಲ್ಲೇ ಇರಬೇಕು. ಮುಟ್ಟು ನಿಂತವಳ ಯೋನಿ ಒಣಗಿದ್ದರೆ ಅದಕ್ಕೆ ಈಸ್ಟ್ರೋಜನ್ ಮುಲಾಮು ಇದೆಯೆಂದೂ ಹೇಳಬೇಕು. ಸಾಮಾನ್ಯವಾಗಿ ಆರು ವಾರ ಕೂಡುವಿಕೆ ಬೇಡ, ಭಾರ ಬೇಡ ಎನ್ನುವುದುಂಟು. ಇದನ್ನು ಅವಳೊಬ್ಬಳಿಗೇ ಹೇಳಿ ಕಳಿಸಿದರೆ ಅವಳು ಮನೆಯಲ್ಲಿ ಬಾಯಿ ಬಿಡಲಾರಳು. ಅವಳು ಒಪ್ಪಿದರೆ, ಹೊರಗೆ ಬೆಂಚಿನ ಮೇಲೆ ಕೂತಿರುವ ಗಂಡನನ್ನು ಒಳಗೆ ಕರೆದು ವೈದ್ಯರೇ ಹೇಳಬೇಕು: ಆರು ವಾರ ಹಾಸಿಗೆ ಬೇರೆ, ತೋಟದ ಗರಿ ಎಳೆಯುವುದೂ ಮಟ್ಟೆ ಹೊರುವುದೂ ನಿಮ್ಮದೇ.