ಹೊಟ್ಟೆಗೆ ಹಳೇ ಹೊಲಿಗೆ, ಪಿತ್ತನಾಳಕ್ಕೆ ಹೊಸ ಕಲ್ಲು

ಈಚಿನ ಸಮ್ಮೇಳನಗಳಲ್ಲಿ ಹೊಟ್ಟೆ ಆಪರೇಷನ್ ಆದವರ ಪಿತ್ತನಾಳದ ಕಲ್ಲು ತೆಗೆಯುವ ವಿಷಯ ಎತ್ತಿದರೆ ಬರೀ ತೂಕ ಇಳಿಸುವ ಆಪರೇಷನ್ ಆದವರದ್ದೇ ಮಾತು. ನಮ್ಮ ಎಂಡೋಸ್ಕೋಪಿ ಮೇಜಿಗೆ ಬರುವವರು ಬೇರೆ: ಎಪ್ಪತ್ತು ದಾಟಿದವರು, ಎಂದೋ ಅಲ್ಸರ್‌ಗೆ ಹೊಟ್ಟೆ ಕೊಯ್ಸಿಕೊಂಡು ಈಗ ಚಳಿಜ್ವರ, ಕಾಮಾಲೆ ಹೊತ್ತು ಬಂದವರು.

ಚರಿತ್ರೆ ಚಿಕ್ಕದು. ಸರ್ಜನ್ ಬಿಲ್‌ರೋತ್ 1881ರಲ್ಲಿ ಜಠರದ ತುದಿ ಕತ್ತರಿಸಿದರು. 1885ರಲ್ಲಿ ಡ್ಯುವೋಡಿನಮ್ ಮುಚ್ಚಿ ಜಠರವನ್ನು ಸಣ್ಣಕರುಳಿಗೆ ಹೊಲಿದರು. ಸರ್ಜನ್ ರೂ ಅವರ ವೈ ಆಕಾರದ ಜೋಡಣೆ ಆಮೇಲಿನದು. 1974ರಲ್ಲಿ ಜಪಾನಿನ ಕವಾಯ್, ಜರ್ಮನಿಯ ಕ್ಲಾಸೆನ್ ಮತ್ತು ಡೆಮ್ಲಿಂಗ್ ಸ್ಕೋಪಿನ ಮೂಲಕವೇ ಪಿತ್ತನಾಳದ ಬಾಯಿ ಕೊಯ್ದರು. ಜಠರ ನೆಟ್ಟಗಿದ್ದವರ ಕಷ್ಟ ಅಲ್ಲಿಗೆ ಮುಗಿಯಿತು.

ಬಿಲ್‌ರೋತ್ ಎರಡನೆಯ ಬಗೆಯಲ್ಲಿ, ಅಂದರೆ 1885ರ ಆ ಜೋಡಣೆಯಲ್ಲಿ, ಸ್ಕೋಪು ಕೆಳಗಿನಿಂದ ಹತ್ತಬೇಕು. ಪ್ಯಾಪಿಲಾ, ಅಂದರೆ ಪಿತ್ತನಾಳದ ಬಾಯಿ, ತಲೆಕೆಳಗಾಗಿ ಕಾಣುತ್ತದೆ. ಗಡಿಯಾರದ ಹನ್ನೊಂದರ ಕಡೆ ಇರಬೇಕಾದ ಪಿತ್ತನಾಳ ಆರರ ಕಡೆ. ಎಂದಿನ ಕೊಯ್ಯುವ ತಂತಿ ತಪ್ಪು ದಿಕ್ಕಿಗೇ ಬಾಗುತ್ತದೆ. ನನ್ನ ತಲೆಮಾರಿನವರು ಸ್ಟೆಂಟ್ ಇಟ್ಟು ಅದರ ಮೇಲೆ ಸೂಜಿ ಚಾಕು ಆಡಿಸಿ ಕಲಿತೆವು. ಆಮೇಲೆ ಕೊಯ್ಯುವ ಬದಲು ಬಲೂನಿನಿಂದ ಬಾಯಿ ಹಿಗ್ಗಿಸುವುದು ಬಂತು. ನನ್ನ ಮಟ್ಟಿಗೆ ಈ ರೋಗಿಗಳಿಗೆ ಅದಕ್ಕಿಂತ ಉಪಕಾರಿ ಬೇರಿಲ್ಲ. ಯಾವ ಸ್ಕೋಪು ಎಂಬ ಜಗಳವೂ ಇತ್ತು. ಪಕ್ಕಕ್ಕೆ ನೋಡುವ ಸ್ಕೋಪಿನಲ್ಲಿ ಸಲಕರಣೆಯನ್ನು ಎತ್ತಿ ತಿರುಗಿಸುವ ಅನುಕೂಲ ಉಂಟು, ಆದರೆ ಮುಂದಿನ ದಾರಿ ಕಾಣದೆ ಕರುಳು ತೂತಾಗುವ ಭಯ. ತುದಿಗೆ ಪಾರದರ್ಶಕ ಟೊಪ್ಪಿ ಹಾಕಿದ ಮಾಮೂಲಿ ಗ್ಯಾಸ್ಟ್ರೋಸ್ಕೋಪೇ ನನಗೆ ಒಗ್ಗಿದ್ದು.

ಮಾಮೂಲಿ ಸ್ಕೋಪು ಮುಟ್ಟದ ಉದ್ದದ ವೈ ಜೋಡಣೆಗೆ ಉತ್ತರ ಸಿಕ್ಕಿದ್ದು ಜಪಾನಿನ ಯಮಮೊಟೊ ಅವರಿಂದ. 2001ರಲ್ಲಿ ಅವರು ವಿವರಿಸಿದ ಜೋಡಿ ಬಲೂನಿನ ಸ್ಕೋಪು ಕರುಳನ್ನು ಲಂಗದ ನೆರಿಗೆಯಂತೆ ಹಿಂದಕ್ಕೆ ಸರಿಸುತ್ತ ಸಾಗುತ್ತದೆ. ಅದರ 200 ಸೆಂ.ಮೀ. ಉದ್ದಕ್ಕೆ ನಮ್ಮ ಸಲಕರಣೆ ಎಟುಕುತ್ತಿರಲಿಲ್ಲ. ಗಿಡ್ಡ ಮಾದರಿ ಬಂದ ಮೇಲೆಯೇ ಕಲ್ಲು ಕೈಗೆ ಸಿಕ್ಕಿದ್ದು.

ಈಗಿನ ಫ್ಯಾಷನ್, ಅಲ್ಟ್ರಾಸೌಂಡ್ ನೋಡಿಕೊಂಡು ಲೋಹದ ಸ್ಟೆಂಟಿನಿಂದ, ತೂಕ ಇಳಿಸುವ ಆಪರೇಷನ್ನಿನಲ್ಲಿ ಬದಿಗಿಟ್ಟ ಜಠರಕ್ಕೆ ಬಾಗಿಲು ತೆಗೆಯುವುದು. ಜಾಣ ಉಪಾಯವೇ ಸರಿ. ಆದರೆ ಕ್ಯಾನ್ಸರಿಗೆಂದು ಜಠರವನ್ನೇ ತೆಗೆಸಿಕೊಂಡವನಿಗೆ ಬಾಗಿಲು ಎಲ್ಲಿಗೆ? ಇನ್ನು ದಕ್ಷಿಣ ಭಾರತದಲ್ಲಿ ಹಿಂದೆ ಅಲ್ಸರಿಗೆಂದು ಧಾರಾಳವಾಗಿ ನಡೆದದ್ದು ವೇಗಸ್ ನರ ಕತ್ತರಿಸಿ ಜಠರದ ಪಕ್ಕಕ್ಕೆ ಕರುಳು ಜೋಡಿಸುವ ಆಪರೇಷನ್. ಅಂಥವರಲ್ಲಿ ಎಷ್ಟೋ ಸಲ ಜಠರದ ಕೆಳಬಾಯಿ ಪೈಲೋರಸ್ ತೆರೆದೇ ಇರುತ್ತದೆ, ಹಳೇ ದಾರಿಯಲ್ಲೇ ಹೋಗಿ ಬರಬಹುದು. ಈಗಿನ ಡಾಕ್ಟರ್ ಹುಡುಗರು ಹೊಲಿಗೆ ಕಂಡೊಡನೆ ಅದರೊಳಗೇ ನುಗ್ಗುತ್ತಾರೆ.

ಹಲವು ವರದಿಗಳು ಇವರೆಲ್ಲರನ್ನೂ 'ಬದಲಾದ ಅಂಗರಚನೆ' ಎಂಬ ಒಂದೇ ಗೋಣಿಗೆ ತುಂಬಿ ಒಂದೇ ಶೇಕಡಾವಾರು ಲೆಕ್ಕ ಕೊಡುತ್ತವೆ. ಯಾವ ಜೋಡಣೆ, ಕರುಳಿನ ತೋಳು ಎಷ್ಟುದ್ದ ಎಂಬುದೇ ಕಾಣೆ.

ಸರ್ಜನ್ ಮಿತ್ರರು ಡಿಸ್ಚಾರ್ಜ್ ಚೀಟಿಯಲ್ಲಿ ಅವೆರಡನ್ನು ಬರೆಯಲಿ. ರೋಗಿಯ ಮನೆಯವರು ಆ ಚೀಟಿಯನ್ನು ರೇಷನ್ ಕಾರ್ಡಿನ ಜತೆಗೇ ಇಟ್ಟುಕೊಳ್ಳಲಿ.