ಹಡಗಿನ ಚೀಟಿ: ಸೇರಿದ್ದು, ಸೇರದ್ದು

ಹೊಳೆ ದಾಟುವವನು ಅಂಬಿಗನಿಗೆ ಕೊಡುವ ಕೂಲಿಯಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಆಚೆಯ ದಡ ಮುಟ್ಟಿಸಿದರೆ ಲೆಕ್ಕ ತೀರಿತು. ಹೊಳೆಯ ಬದಲು ಕಡಲಾಗಿ, ಗಳಿಗೆಯ ಬದಲು ತಿಂಗಳಾದರೆ ಆ ಲೆಕ್ಕ ಅಷ್ಟು ಸರಳವಾಗಿ ಉಳಿಯುವುದಿಲ್ಲ. ಪ್ರಯಾಣಿಕನು ಉಣ್ಣಬೇಕು, ಕುಡಿಯಬೇಕು, ಮಲಗಬೇಕು, ಮೈ ತೊಳೆಯಬೇಕು. ಕಾಯಿಲೆ ಬಿದ್ದರೆ ಔಷಧ ಬೇಕು, ಬೇಸರವಾದರೆ ಸಂಗೀತ ಬೇಕು. ಇವುಗಳಲ್ಲಿ ಯಾವುದು ಚೀಟಿಯ ಹಣದೊಳಗೆ ಸೇರಿದ್ದು, ಯಾವುದಕ್ಕೆ ಬೇರೆ ಹಣ ತೆರಬೇಕು? ಯುರೋಪಿನ ವಿಹಾರನೌಕೆಗಳ ಇಂದಿನ ದರಪಟ್ಟಿಯನ್ನು ನೋಡಿದವರಿಗೆ ಇದು ಹೊಸ ಕಾಲದ ವ್ಯಾಪಾರಚಾತುರ್ಯವೆಂದು ತೋರಬಹುದು. ಆದರೆ ಈ ಪ್ರಶ್ನೆಗೆ ಎರಡು ಶತಮಾನಗಳಿಗೂ ಮಿಕ್ಕ ಇತಿಹಾಸ ಉಂಟು. ಆ ಇತಿಹಾಸ ಔತಣದಿಂದ ಆರಂಭವಾಗುವುದಿಲ್ಲ, ಮದ್ಯದಿಂದಲೂ ಆರಂಭವಾಗುವುದಿಲ್ಲ. ಕುಡಿಯುವ ನೀರಿನಿಂದ ಆರಂಭವಾಗುತ್ತದೆ.

1803ರಲ್ಲಿ ಬ್ರಿಟನ್ನಿನ ಪಾರ್ಲಿಮೆಂಟು ವಲಸೆಗಾರರ ಹಡಗುಗಳಿಗೆ ಸಂಬಂಧಿಸಿದಂತೆ ಒಂದು ಶಾಸನ ಮಾಡಿತು. ಹಡಗಿನ ಗಾತ್ರಕ್ಕೆ ತಕ್ಕಷ್ಟೇ ಜನರನ್ನು ತುಂಬಬೇಕು, ಅವರಿಗೆ ಇಂತಿಷ್ಟು ಆಹಾರ, ಇಂತಿಷ್ಟು ನೀರು ಕೊಡಬೇಕು, ದೊಡ್ಡ ಹಡಗಾದರೆ ವೈದ್ಯನಿರಬೇಕು ಎಂದು ಅದರ ಕಟ್ಟಳೆ. ಕೇಳುವುದಕ್ಕೆ ಕರುಣೆಯ ಮಾತು. ಆದರೆ ಅದರ ಹಿಂದೆ ಸ್ಕಾಟ್ಲೆಂಡಿನ ಮಲೆನಾಡಿನ ಜಮೀನುದಾರರ ಕೈಯಿತ್ತೆಂದು ಚರಿತ್ರಕಾರರು ತೋರಿಸಿಕೊಟ್ಟಿದ್ದಾರೆ. ಒಕ್ಕಲುಗಳು ಅಮೆರಿಕಕ್ಕೆ ಹೊರಟುಹೋದರೆ ತಮ್ಮ ಕರಾವಳಿಯಲ್ಲಿ ಕಡಲಕಳೆ ಸುಟ್ಟು ಕ್ಷಾರ ತೆಗೆಯುವ ಕೆಲಸಕ್ಕೆ ಆಳುಗಳು ಸಿಕ್ಕರು ಎಂಬುದು ಆ ದೊರೆಗಳ ಭಯ. ಚೀಟಿಯೊಳಗೆ ಹೆಚ್ಚು ಅನ್ನ, ಹೆಚ್ಚು ನೀರು ಸೇರಿಸಿದರೆ ಚೀಟಿಯ ಬೆಲೆ ಏರುತ್ತದೆ. ಬೆಲೆ ಏರಿದರೆ ಬಡವ ಮನೆಯಲ್ಲೇ ಉಳಿಯುತ್ತಾನೆ. ಹಾಗೆಯೇ ಆಯಿತು, ಪ್ರಯಾಣದ ದರ ಬಹಳವಾಗಿ ಏರಿತು. ‘ಸೇರಿದೆ’ ಎಂಬ ಮಾತಿನ ಒಳಗೆ ಯಾರ ಹಿತ ಅಡಗಿದೆ ಎಂದು ವಿಚಾರಿಸುವ ಅಭ್ಯಾಸವನ್ನು ನಾವು ಇಲ್ಲಿಂದಲೇ ಬೆಳೆಸಿಕೊಳ್ಳುವುದು ಒಳ್ಳೆಯದು.

1842ರ ಶಾಸನ ಇನ್ನೂ ಸ್ಪಷ್ಟ. ಪ್ರತಿಯೊಬ್ಬನಿಗೆ ದಿನಕ್ಕೆ 3 ಕ್ವಾರ್ಟು ನೀರು, ಅಂದರೆ ಸುಮಾರು 3.4 ಲೀಟರು, ವಾರಕ್ಕೆ 7 ಪೌಂಡು ರೊಟ್ಟಿ, ಹಿಟ್ಟು ಅಥವಾ ಅಕ್ಕಿ. ಇದಿಷ್ಟೇ ಚೀಟಿಯ ಹಕ್ಕು. ಹಾಸಿಗೆ, ತಟ್ಟೆ, ಲೋಟಗಳನ್ನು ಕೆಳತಟ್ಟಿನ ಪ್ರಯಾಣಿಕರು ತಾವೇ ತರಬೇಕಿತ್ತು. ಹಡಗಿನ ಮೇಲುಹಲಗೆಯ ಒಲೆಯ ಮುಂದೆ ಸರದಿ ಕಾದು ತಾವೇ ಬೇಯಿಸಿಕೊಳ್ಳಬೇಕಿತ್ತು. ಶಾಸನದಲ್ಲಿ ಬರೆದ ನೀರು ಬಾಯಿಗೆ ಬಂತೇ ಎಂಬುದು ಬೇರೆ ಮಾತು. 1847ರಲ್ಲಿ, ಐರ್ಲೆಂಡಿನ ಆಲೂಗೆಡ್ಡೆಯ ಕ್ಷಾಮದ ಕಾಲದಲ್ಲಿ, ಸ್ಟೀಫನ್ ಡಿ ವೇರ್ ಎಂಬ ಜಮೀನುದಾರನೊಬ್ಬ ಬಡವರ ನಡುವೆ ಕೆಳತಟ್ಟಿನಲ್ಲಿಯೇ ಕುಳಿತು ಕೆನಡಕ್ಕೆ ಪ್ರಯಾಣ ಮಾಡಿದ. ಕಂಡದ್ದನ್ನು ಪತ್ರವಾಗಿ ಬರೆದ. ಹಡಗಿನಲ್ಲಿ ನೀರಿನ ಸಂಗ್ರಹ ಬೇಕಾದಷ್ಟಿತ್ತಂತೆ. ಆದರೆ ಅಳೆದು ಕೊಡುತ್ತಿದ್ದುದು ಎಷ್ಟು ಕಡಿಮೆಯೆಂದರೆ, ಬೇಯಿಸುವುದಕ್ಕೂ ಬಾಯಾರಿಕೆಗೂ ಎರಡಕ್ಕೂ ಸಾಲದೆ ಜನ ತಮ್ಮ ಉಪ್ಪುಮಾಂಸವನ್ನೂ ಅಕ್ಕಿಯನ್ನೂ ಕಡಲಿಗೆ ಎಸೆಯುತ್ತಿದ್ದರು. ಅದೇ ಹಡಗಿನಲ್ಲಿ ವಾರಕ್ಕೆ ಒಂದೆರಡು ಸಲ ಮದ್ಯವನ್ನು ಮಾತ್ರ ಧಾರಾಳವಾಗಿ ಮಾರುತ್ತಿದ್ದರು. ಚೀಟಿಯೊಳಗೆ ಸೇರಿದ್ದನ್ನು ಹಿಡಿದಿಡುವುದು, ಸೇರದ್ದನ್ನು ಮುಂದೊಡ್ಡುವುದು! ಆ ವರ್ಷ ಸಂತ ಲಾರೆನ್ಸ್ ನದಿಯ ಗ್ರೋಸ್ ಈಲ್ ದ್ವೀಪದಲ್ಲಿ ಮಣ್ಣು ಸೇರಿದವರು 5 ಸಾವಿರಕ್ಕೂ ಹೆಚ್ಚು. ಡಿ ವೇರನ ಪತ್ರ ಲಂಡನ್ನಿನ ಅಧಿಕಾರಸ್ಥರನ್ನು ತಲುಪಿತು. ಮುಂದಿನ ಶಾಸನಗಳಲ್ಲಿ ಅದರ ಗುರುತು ಕಾಣುತ್ತದೆ. ಬೇಯಿಸಿದ ಅನ್ನವನ್ನೇ ಬಡಿಸಬೇಕೆಂಬ ನಿಯಮ 1850ರ ದಶಕದ ಫಲ.

ಮೇಲುತಟ್ಟಿನ ಲೋಕ ಬೇರೆ. ಕ್ಯುನಾರ್ಡ್ ಕಂಪನಿಯ ‘ಬ್ರಿಟಾನಿಯ’ 1840ರ ಜುಲೈ 4ರಂದು ಲಿವರ್‌ಪೂಲಿನಿಂದ ಹೊರಟಾಗ ಹೊಸ ಹಾಲಿಗಾಗಿ ಒಂದು ಹಸುವನ್ನೂ ಹತ್ತಿಸಿಕೊಂಡಿತ್ತು. ಡಿಕನ್ಸ್ 1842ರಲ್ಲಿ ಇದೇ ಹಡಗಿನಲ್ಲಿ ಹೋಗಿ ಕೋಣೆಯ ಇಕ್ಕಟ್ಟನ್ನು ನಗೆಯಾಡಿದ್ದು ಸಾಹಿತ್ಯಪ್ರಿಯರಿಗೆ ತಿಳಿದದ್ದೇ. ಆ ದಶಕದ ಕ್ಯುನಾರ್ಡ್ ಜಾಹೀರಾತುಗಳಲ್ಲಿ ಒಂದು ವಾಕ್ಯ ಮತ್ತೆ ಮತ್ತೆ ಬರುತ್ತದೆ: ದರದಲ್ಲಿ ಊಟವೂ ಪರಿಚಾರಕನ ಸಂಭಾವನೆಯೂ ಸೇರಿವೆ; ದ್ರಾಕ್ಷಾರಸ ಮತ್ತು ಮದ್ಯ ಸೇರಿಲ್ಲ, ಅವು ಹಡಗಿನಲ್ಲಿ ದೊರೆಯುತ್ತವೆ. ಇಂದಿನ ದರಪಟ್ಟಿಯ ವ್ಯಾಕರಣ ಅಂದೇ ಸಿದ್ಧವಾಗಿತ್ತು ಎನ್ನಬಹುದು.

ನಮ್ಮ ದೇಶಕ್ಕೆ ಬರುತ್ತಿದ್ದ ಪಿ. ಅಂಡ್ ಓ. ಕಂಪನಿ ಮೊದಮೊದಲು ಇದಕ್ಕಿಂತ ಉದಾರಿ. 1844ರಲ್ಲಿ ಅದು ಮೆಡಿಟರೇನಿಯನ್ ಪ್ರವಾಸಗಳನ್ನು ಪ್ರಚಾರ ಮಾಡಿತು. ಪ್ರಚಾರಕ್ಕೆಂದು ಥ್ಯಾಕರೆಗೆ ಪುಕ್ಕಟೆ ಚೀಟಿ ಕೊಟ್ಟಿತು. ಅವನು ಕೈರೋವರೆಗೆ ಹೋಗಿಬಂದು ಒಂದು ಪುಸ್ತಕವನ್ನೇ ಬರೆದ. ಲೇಖಕರಿಗೆ ಪುಕ್ಕಟೆ ಚೀಟಿ ಕೊಡುವ ಪದ್ಧತಿ ಎಷ್ಟು ಹಳೆಯದು ನೋಡಿ. ಪೂರ್ವದೇಶಕ್ಕೆ ಹೋಗುವ ಇದರ ಮೇಲ್ದರ್ಜೆಯ ಪ್ರಯಾಣಿಕರಿಗೆ ಮದ್ಯವೂ ದರದೊಳಗೇ ಸೇರಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಪೈಪೋಟಿ ಬಲವಾದ ಮೇಲೆ ಆ ಔದಾರ್ಯ ನಿಂತಿತು.

ಆದರೆ ದರದೊಳಗೆ ಸೇರಿದ ಅನ್ನ ಎಲ್ಲರ ಅನ್ನವೇ? 1888ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ‘ಕ್ಲೈಡ್’ ಹಡಗನ್ನೇರಿದ ಹದಿನೆಂಟರ ತರುಣ ಮೋಹನದಾಸ ಗಾಂಧಿ ಊಟದ ಮೇಜಿಗೆ ಹೋಗಲೇ ಇಲ್ಲ. ಯಾವುದರಲ್ಲಿ ಮಾಂಸವಿದೆ, ಯಾವುದರಲ್ಲಿ ಇಲ್ಲ ಎಂದು ಕೇಳುವುದಕ್ಕೆ ಸಂಕೋಚ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣುಗಳಿಂದಲೇ ಹೊಟ್ಟೆ ತುಂಬಿಸಿಕೊಂಡದ್ದನ್ನು ಅವರು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಹಣ ಕೊಟ್ಟ ಅನ್ನ ಮೇಜಿನ ಮೇಲೆ, ಉಂಡ ಅನ್ನ ಪೆಟ್ಟಿಗೆಯೊಳಗೆ. ಇದರ ಎದುರು ತುದಿಯಲ್ಲಿ ಜಯಪುರದ ಮಹಾರಾಜ ಎರಡನೆಯ ಮಾಧೋಸಿಂಗ್. 1902ರಲ್ಲಿ ಏಳನೆಯ ಎಡ್ವರ್ಡನ ಪಟ್ಟಾಭಿಷೇಕಕ್ಕೆ ಹೊರಟಾಗ ಆತ ‘ಒಲಿಂಪಿಯ’ ಎಂಬ ಇಡೀ ಹಡಗನ್ನೇ ಗೊತ್ತುಮಾಡಿ, ಆಳೆತ್ತರದ ಬೆಳ್ಳಿಯ ಕೊಪ್ಪರಿಗೆಗಳಲ್ಲಿ ಗಂಗಾಜಲ ತುಂಬಿಸಿಕೊಂಡು ಹೋದ. ಆ ಪಾತ್ರೆಗಳಲ್ಲಿ ಎರಡನ್ನು ಜಯಪುರದ ಅರಮನೆಯಲ್ಲಿ ಇಂದೂ ಕಾಣಬಹುದು. ಚೀಟಿಯ ನೀರನ್ನು ಒಲ್ಲದೆ ತನ್ನ ನೀರನ್ನು ತಾನೇ ಒಯ್ಯುವುದು ಅರಸನಿಗೆ ಮಾತ್ರ ಸಾಧ್ಯ.

ಕನ್ನಡದಲ್ಲಿ ಬೆಲೆಯಿಲ್ಲದೆ ಸಿಕ್ಕಿದ್ದಕ್ಕೆ ‘ಬಿಟ್ಟಿ’ ಎನ್ನುತ್ತೇವೆ. ಈ ಮಾತು ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು; ಅದರ ಅರ್ಥ ಕೂಲಿಯಿಲ್ಲದೆ ಬಲವಂತದಿಂದ ಮಾಡಿಸುವ ದುಡಿಮೆ. ಪಡೆಯುವವನ ಕಡೆಯಿಂದ ಬಿಟ್ಟಿ, ಮಾಡುವವನ ಕಡೆಯಿಂದಲೂ ಬಿಟ್ಟಿ; ಭಾಷೆ ಎರಡನ್ನೂ ಒಂದೇ ಪದದಲ್ಲಿ ಹಿಡಿದಿದೆ. ಪಿ. ಅಂಡ್ ಓ. ಹಡಗುಗಳ ಮೇಜಿನ ಬಳಿ ಬಡಿಸುತ್ತಿದ್ದವರು ಬಹುಮಟ್ಟಿಗೆ ಗೋವೆಯವರು. ಹಲಗೆಯ ಮೇಲೆ, ಕುಲುಮೆಯ ಮುಂದೆ ದುಡಿಯುತ್ತಿದ್ದವರು ಲಾಸ್ಕರರೆಂದು ಕರೆಸಿಕೊಂಡ ಭಾರತೀಯ ನಾವಿಕರು. ಅವರ ಸಂಬಳ ಬ್ರಿಟಿಷ್ ನಾವಿಕನ ಸಂಬಳದ ಒಂದು ಸಣ್ಣ ಪಾಲು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಾನೂನು ಬ್ರಿಟಿಷ್ ನಾವಿಕನಿಗೆ ಮಲಗಲು 72 ಘನ ಅಡಿ ಜಾಗ ಕೊಟ್ಟರೆ, ಲಾಸ್ಕರನಿಗೆ ಕೊಟ್ಟದ್ದು 36. ಮೇಲ್ದರ್ಜೆಯ ಉಪಚಾರದ ಲೆಕ್ಕ ಬಗೆಹರಿದದ್ದು ಈ ಅರ್ಧದಲ್ಲಿ.

ಇನ್ನು 1912ರ ‘ಟೈಟಾನಿಕ್’. ಅದು ಮುಳುಗಿದ ಕಥೆ ಎಲ್ಲರಿಗೂ ಗೊತ್ತು. ಅದರ ದರಪಟ್ಟಿಯ ಕಥೆ ಅಷ್ಟು ಗೊತ್ತಿಲ್ಲ. ಮೂರನೆಯ ದರ್ಜೆಯ ಚೀಟಿ ಸುಮಾರು 7 ಪೌಂಡು. ಹೊತ್ತು ಹೊತ್ತಿಗೆ ಊಟ ಅದರಲ್ಲೇ ಸೇರಿತ್ತು. ತಾವೇ ಬೇಯಿಸಿಕೊಳ್ಳುತ್ತಿದ್ದ ಅಜ್ಜಂದಿರ ಕಾಲಕ್ಕೆ ಹೋಲಿಸಿದರೆ ಇದು ದೊಡ್ಡ ಮುನ್ನಡೆ. ಸ್ನಾನದ ತೊಟ್ಟಿಗಳು ಮಾತ್ರ ಏಳುನೂರಕ್ಕೂ ಹೆಚ್ಚು ಜನಕ್ಕೆ ಎರಡು. ಮೊದಲ ದರ್ಜೆಯವರು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ತೆತ್ತರೂ ಅವರ ಕೈ ಕಿಸೆಗೆ ಹೋಗುವುದು ತಪ್ಪಲಿಲ್ಲ. ಈಜುಕೊಳಕ್ಕೆ 1 ಷಿಲಿಂಗ್, ಟರ್ಕಿ ಸ್ನಾನಕ್ಕೆ 4 ಷಿಲಿಂಗ್, ಚೆಂಡಾಟದ ಅಂಗಳಕ್ಕೆ ಅರ್ಧ ಗಂಟೆಗೆ 2 ಷಿಲಿಂಗ್, ಹಲಗೆಯ ಮೇಲೆ ಕೂರುವ ಕುರ್ಚಿಗೆ ಪ್ರಯಾಣಕ್ಕೆಲ್ಲ 4 ಷಿಲಿಂಗ್. ನಿಸ್ತಂತು ತಂತಿ ಕಳಿಸಲು ಹತ್ತು ಪದಕ್ಕೆ 12 ಷಿಲಿಂಗ್ 6 ಪೆನ್ಸ್. ಕಡಲನ್ನು ನೋಡುವುದಕ್ಕೆ ಮಾತ್ರ ದರವಿಲ್ಲ. ಕುಳಿತು ನೋಡಬೇಕೆಂದರೆ ಇತ್ತು.

ಅಲ್ಲಿ ಬೇರೆ ಹಣ ಕೊಟ್ಟು ಉಣ್ಣುವ ಒಂದು ವಿಶೇಷ ಭೋಜನಶಾಲೆಯೂ ಇತ್ತು. ಈ ಪದ್ಧತಿಯನ್ನು ಕಡಲಿಗೆ ತಂದವರು ಜರ್ಮನರು. 1905ರ ‘ಅಮೆರಿಕ’ ಹಡಗಿನ ರಿಟ್ಸ್-ಕಾರ್ಲ್‌ಟನ್ ಭೋಜನಶಾಲೆ ಇದಕ್ಕೆ ಮೊದಲ ಮಾದರಿ. ‘ಟೈಟಾನಿಕ್’ನಲ್ಲಿ ಅದನ್ನು ನಡೆಸುತ್ತಿದ್ದವನು ಗಟ್ಟಿ ಎಂಬ ಇಟಲಿಯವನು, ಗುತ್ತಿಗೆಯ ಮೇಲೆ. ಚೀಟಿಯಲ್ಲಿ ಸೇರಿದ ಊಟವನ್ನು ಪೂರ್ತಿ ಬಿಟ್ಟು ಇಲ್ಲಿಯೇ ಉಣ್ಣುವವರಿಗೆ ಪ್ರಯಾಣದರದಲ್ಲಿ ಸ್ವಲ್ಪ ಸೋಡಿಯೂ ಇತ್ತು. ಅಚ್ಚುಕಟ್ಟಾದ ಏರ್ಪಾಡು. ಆದರೆ ಅಲ್ಲಿನ ಅರವತ್ತಕ್ಕೂ ಹೆಚ್ಚು ನೌಕರರು ಹಡಗಿನ ಕಂಪನಿಯ ಆಳುಗಳಲ್ಲ, ಪ್ರಯಾಣಿಕರೂ ಅಲ್ಲ. ಆ ರಾತ್ರಿ ಅವರಲ್ಲಿ ಬದುಕಿದವರು ಮೂವರು. ವಾದ್ಯಗಾರರದೂ ಇಂಥದೇ ಸ್ಥಿತಿ. ಸಂಗೀತ ಚೀಟಿಯೊಳಗೆ ಸೇರಿತ್ತು, ಸಂಗೀತಗಾರರು ಸೇರಿರಲಿಲ್ಲ. ಲಿವರ್‌ಪೂಲಿನ ದಲ್ಲಾಳಿಯೊಬ್ಬರ ಮೂಲಕ ಬಂದ ಅವರ ಹೆಸರುಗಳು ಎರಡನೆಯ ದರ್ಜೆಯ ಪ್ರಯಾಣಿಕರ ಪಟ್ಟಿಯಲ್ಲಿದ್ದವು. ಎಂಟು ಜನರೂ ಮುಳುಗಿದರು. ಪರಿಹಾರ ಕೇಳಿ ಮನೆಯವರು ನ್ಯಾಯಾಲಯಕ್ಕೆ ಹೋದಾಗ, ಅವರು ನೌಕರರಲ್ಲವೆಂಬ ಕಾರಣದಿಂದ ಬೇಡಿಕೆ ಬಿದ್ದುಹೋಯಿತು. ಸತ್ತ ಪಿಟೀಲುವಾದಕನೊಬ್ಬನ ತಂದೆಗೆ ಆ ದಲ್ಲಾಳಿಯಿಂದ ಬಂದ ಕಾಗದದಲ್ಲಿ ಮಗನ ಸಮವಸ್ತ್ರದ ಬಾಕಿ ಹಣವನ್ನು ಕಳಿಸಬೇಕೆಂಬ ಕೋರಿಕೆಯಿತ್ತು.

ವಿಹಾರಕ್ಕಾಗಿಯೇ ಹಡಗು ಹತ್ತುವ ಪದ್ಧತಿಗೆ ಗಟ್ಟಿ ರೂಪ ಕೊಟ್ಟವನು ಹ್ಯಾಂಬರ್ಗಿನ ಆಲ್ಬರ್ಟ್ ಬಾಲಿನ್. ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವವರಿಲ್ಲದೆ ಹಡಗು ಬರಿದೇ ನಿಲ್ಲುತ್ತದೆಂದು 1891ರ ಜನವರಿಯಲ್ಲಿ ‘ಆಗುಸ್ಟಾ ವಿಕ್ಟೋರಿಯ’ವನ್ನು 241 ಪ್ರಯಾಣಿಕರೊಡನೆ ಮೆಡಿಟರೇನಿಯನ್ನಿಗೆ ಕಳಿಸಿದ, ತಾನೂ ಜೊತೆಗೆ ಹೋದ. ಇಲ್ಲಿಂದ ಮುಂದೆ ಚೀಟಿಯ ಅರ್ಥ ತಲೆಕೆಳಗಾಯಿತು. ಊರು ಸೇರಿಸುವುದಕ್ಕೆ ಕೊಟ್ಟ ಹಣವಲ್ಲ ಅದು. ಹೊರಟಲ್ಲಿಗೇ ಮರಳಿಸುವುದಕ್ಕೆ ಕೊಟ್ಟ ಹಣ. ಹೀಗಾದಾಗ ಉಪಚಾರವೇ ಮುಖ್ಯ ಸರಕು. ಫ್ರೆಂಚ್ ಹಡಗುಗಳಲ್ಲಿ ಊಟದೊಡನೆ ದ್ರಾಕ್ಷಾರಸ ಬೆಲೆಯಿಲ್ಲದೆ ಬರುತ್ತಿತ್ತು. ಅದು ಅವರಿಗೆ ಅನ್ನದ ಭಾಗ, ನಮಗೆ ಮಜ್ಜಿಗೆಯಂತೆ.

ಅತಿ ಅಗ್ಗದ ವಿಹಾರವನ್ನು ಕೊಟ್ಟವರು ಹಿಟ್ಲರನ ಕಾಲದ ಜರ್ಮನರು. 1933ರಲ್ಲಿ ಕಾರ್ಮಿಕ ಸಂಘಗಳನ್ನು ಮುಚ್ಚಿ ಅವುಗಳ ಹಣವನ್ನು ವಶಮಾಡಿಕೊಂಡರು. ‘ಆನಂದದಿಂದ ಶಕ್ತಿ’ ಎಂಬ ಹೆಸರಿನ ಸಂಸ್ಥೆ ಕಾರ್ಮಿಕರನ್ನು ಹಡಗಿನಲ್ಲಿ ವಿಹಾರಕ್ಕೆ ಕರೆದೊಯ್ದಿತು. ‘ವಿಲ್ಹೆಲ್ಮ್ ಗುಸ್ಟ್ಲೋಫ್’ ಅಂಥ ಹಡಗು. ಅದರಲ್ಲಿ ದರ್ಜೆಗಳ ಭೇದವಿರಲಿಲ್ಲ. ಆ ಪ್ರವಾಸಗಳಲ್ಲಿ ಪ್ರಯಾಣಿಕರ ಮಾತುಗಳನ್ನು ಬರೆದುಕೊಳ್ಳುವ ಗುಪ್ತಚಾರರೂ ಚೀಟಿಯೊಳಗೇ ಸೇರಿದ್ದರು.

1958ರಲ್ಲಿ ಜೆಟ್ ವಿಮಾನ ಅಟ್ಲಾಂಟಿಕ್ ದಾಟತೊಡಗಿದ ಮೇಲೆ ಹಡಗಿಗೆ ವಿಹಾರವೊಂದೇ ಉಳಿಯಿತು. ಇಂದಿನ ಯುರೋಪಿನ ಕಂಪನಿಗಳಲ್ಲಿ ರೂಢಿ ಒಂದೇ ತೆರನಾಗಿಲ್ಲ. ಇಟಲಿಯ ಹಿನ್ನೆಲೆಯ ಕೋಸ್ಟಾ, ಎಂ.ಎಸ್.ಸಿ. ಹಡಗುಗಳಲ್ಲಿ ಕೋಣೆ, ಊಟ, ಸಂಜೆಯ ಮನರಂಜನೆ ದರದೊಳಗಿನವು; ಪಾನೀಯ, ದಡದ ಪ್ರವಾಸ, ಅಂತರಜಾಲ ಸಾಮಾನ್ಯವಾಗಿ ಹೊರಗಿನವು. ಜರ್ಮನರ ‘ಐಡಾ’ದಲ್ಲಿ ಮುಖ್ಯ ಊಟಗಳ ಹೊತ್ತಿಗೆ ಬಿಯರು, ದ್ರಾಕ್ಷಾರಸ ಸೇರಿವೆ, ‘ಮೈನ್ ಶಿಫ್’ ಹಡಗುಗಳಲ್ಲಿ ಬಹುಪಾಲು ಪಾನೀಯವೂ ಇನಾಮೂ ಸೇರಿವೆ. ಎಲ್ಲವನ್ನೂ ಹೊರಗಿಟ್ಟು ನೋಡಿದವರೂ ಉಂಟು. 2005ರಲ್ಲಿ ಸ್ಟೆಲಿಯೋಸ್ ಹಾಜಿ-ಇಯೋನು ಆರಂಭಿಸಿದ ‘ಈಸಿಕ್ರೂಸ್’ನಲ್ಲಿ ಚೀಟಿ ಕೊಂಡರೆ ಸಿಗುತ್ತಿದ್ದುದು ಕೋಣೆಯೊಂದೇ, ಊಟಕ್ಕೆ ಬೇರೆ ಹಣ, ಕೋಣೆ ಗುಡಿಸಬೇಕೆಂದರೆ ಅದಕ್ಕೂ ಬೇರೆ ಹಣ. 2009ರಲ್ಲಿ ಅದು ಕೈ ಬದಲಾಯಿಸಿತು, ಬಹುಕಾಲ ಉಳಿಯಲಿಲ್ಲ. ಹೊರಟದ್ದು ವಿಹಾರಕ್ಕೆ, ಹಿಡಿದದ್ದು ಪೊರಕೆಯ ಲೆಕ್ಕ. ಜನ ಒಲ್ಲದಿದ್ದುದರಲ್ಲಿ ನನಗೆ ಆಶ್ಚರ್ಯವಿಲ್ಲ.

ಪರಿಚಾರಕನ ಸಂಭಾವನೆಯ ಗೊಂದಲ ಇನ್ನೂ ತೀರಿಲ್ಲ. ಬ್ರಿಟನ್ನಿನ ಪಿ. ಅಂಡ್ ಓ. ಕ್ರೂಸಸ್ 2019ರಲ್ಲಿ ದಿನದ ಇನಾಮಿನ ಸಾಲನ್ನು ಲೆಕ್ಕದಿಂದ ತೆಗೆದು ದರದೊಳಗೆ ಸೇರಿಸಿತು. ಕ್ಯುನಾರ್ಡಿನ 1840ರ ದಶಕದ ಜಾಹೀರಾತಿಗೆ ಮರಳಿದಂತೆ. ಬೇರೆ ಕೆಲವರು ದಿನಕ್ಕಿಷ್ಟು ಸೇವಾಶುಲ್ಕವೆಂದು ಬೇರೆಯಾಗಿಯೇ ಬರೆಯುತ್ತಾರೆ. ಹಡಗುಗಳ ಧ್ವಜ ಮಾಲ್ಟಾದ್ದೋ ಪನಾಮದ್ದೋ ಬರ್ಮುಡದ್ದೋ. ಹಾಸಿಗೆ ಕೊಡವುವವನು ಫಿಲಿಪೀನ್ಸಿನವನೋ ಇಂಡೋನೇಷ್ಯದವನೋ ನಮ್ಮವನೋ. ಅವನ ವಿಶ್ರಾಂತಿಯ ಗಂಟೆಗಳನ್ನೂ ಮಲಗುವ ಜಾಗವನ್ನೂ ಗೊತ್ತುಪಡಿಸುವ ಅಂತರರಾಷ್ಟ್ರೀಯ ಒಡಂಬಡಿಕೆ 2006ರಲ್ಲಿ ಸಿದ್ಧವಾಗಿ 2013ರಲ್ಲಿ ಜಾರಿಗೆ ಬಂತು.

ನೀರಿನ ಮಾತು ಒಂದು ಉಳಿಯಿತು. ದೊಡ್ಡ ಹಡಗುಗಳು ಇಂದು ಕಡಲ ನೀರನ್ನೇ ಸಿಹಿನೀರು ಮಾಡಿಕೊಳ್ಳುತ್ತವೆ. ಡಿ ವೇರನ ಕಾಲದಂತೆ ಪೀಪಾಯಿಯ ತಳ ನೋಡುವ ಭಯವಿಲ್ಲ. ಆದರೂ ಕೆಲವು ಮೆಡಿಟರೇನಿಯನ್ ವಿಹಾರನೌಕೆಗಳಲ್ಲಿ ರಾತ್ರಿಯ ಊಟದ ಮೇಜಿಗೆ ನೀರು ಬರುವುದು ಮೊಹರು ಮಾಡಿದ ಶೀಷೆಯಲ್ಲಿ, ಅದರ ಬೆಲೆ ಬರುವುದು ಕೊನೆಯ ದಿನದ ಲೆಕ್ಕದ ಹಾಳೆಯಲ್ಲಿ. ಬಲ್ಲ ಪ್ರಯಾಣಿಕರು ಮೇಲಂತಸ್ತಿನಲ್ಲಿ ತಾವೇ ಬಡಿಸಿಕೊಳ್ಳುವ ಊಟದ ಮನೆಗೆ ಹೋಗಿ, ಅಲ್ಲಿನ ನಲ್ಲಿಯಿಂದ ಲೋಟಕ್ಕೆ ಹಿಡಿದು ಕುಡಿಯುತ್ತಾರೆ.