ಅಧ್ಯಕ್ಷ: ಮೇಲೆ ಕಣ್ಣಿಟ್ಟವನು

ಸಂಘದ ಅಧ್ಯಕ್ಷ, ಪಂಚಾಯಿತಿ ಅಧ್ಯಕ್ಷ, ಸಮ್ಮೇಳನಾಧ್ಯಕ್ಷ ಎಂದೊಡನೆ ನಮಗೆ ಹೊಳೆಯುವುದು ವೇದಿಕೆಯ ನಡುವಿನ ಕುರ್ಚಿ. ಪದದ ಒಳಗೆ ಮಾತ್ರ ಕುರ್ಚಿ ಇಲ್ಲ, ಕಣ್ಣಿದೆ. ಅಧಿ ಎಂದರೆ ಮೇಲೆ, ಅಕ್ಷ ಎಂದರೆ ಕಣ್ಣು. ಋಗ್ವೇದದ ನಾಸದೀಯ ಸೂಕ್ತದಲ್ಲಿ ಪರಮಾಕಾಶದಿಂದ ಈ ಸೃಷ್ಟಿಯನ್ನು ನೋಡುತ್ತಿರುವವನಿಗೆ ಈ ಹೆಸರು. ಕೌಟಿಲ್ಯನ ಕಾಲಕ್ಕೆ ಅದು ನೆಲಕ್ಕಿಳಿದು ಸರ್ಕಾರಿ ಹುದ್ದೆಯಾಯಿತು. ಅರ್ಥಶಾಸ್ತ್ರದ ಎರಡನೆಯ ಅಧಿಕರಣದ ಹೆಸರೇ ಅಧ್ಯಕ್ಷಪ್ರಚಾರ; ಸುಂಕಕ್ಕೊಬ್ಬ, ಬೇಸಾಯಕ್ಕೊಬ್ಬ, ದನಗಳಿಗೊಬ್ಬ, ಹಡಗುಗಳಿಗೊಬ್ಬ ಅಧ್ಯಕ್ಷ ಅಲ್ಲಿ ಸಿಗುತ್ತಾನೆ.

ಕ್ರೈಸ್ತ ಸಭೆಯ ಮುಂದಾಳನ್ನು ಕನ್ನಡ ಬೈಬಲು 'ಸಭಾಧ್ಯಕ್ಷ' ಎಂದು ಕರೆದದ್ದು ಬಹಳ ಸರಿಯಾದ ಆಯ್ಕೆ. ಮೂಲದ ಗ್ರೀಕ್ ಪದ ಎಪಿಸ್ಕೊಪೊಸ್. ಎಪಿ ಎಂದರೆ ಮೇಲೆ, ಸ್ಕೊಪೊಸ್ ಎಂದರೆ ನೋಡುವವನು. ಕಟ್ಟಡ ಒಂದೇ, ಬದುಕಿದ ಬಗೆಯೂ ಹೆಚ್ಚುಕಡಿಮೆ ಒಂದೇ. ಅಥೆನ್ಸ್ ತನ್ನ ಅಧೀನದ ನಗರಗಳ ಮೇಲೆ ಕಣ್ಣಿಡಲು ಕಳಿಸುತ್ತಿದ್ದ ಅಧಿಕಾರಿಯೂ ಎಪಿಸ್ಕೊಪೊಸನೇ. ಕ್ರಿ.ಪೂ. 414ರಲ್ಲಿ ಆಡಿದ ಅರಿಸ್ಟೊಫನೀಸನ 'ಹಕ್ಕಿಗಳು' ನಾಟಕದಲ್ಲಿ ಅಂಥವನೊಬ್ಬ ಬಂದು ಏಟು ತಿಂದು ಹೋಗುತ್ತಾನೆ. ಹಳೆಯ ಒಡಂಬಡಿಕೆಯ ಗ್ರೀಕ್ ಅನುವಾದದಲ್ಲಿ ಅರಸ ಯೋಷೀಯನ ಕಾಲದ ದೇವಾಲಯ ದುರಸ್ತಿಯ ಕೆಲಸವನ್ನು ನೋಡಿಕೊಂಡ ಲೇವಿಯರಿಗೂ ಇದೇ ಹೆಸರು.

ಸಭೆ ಈ ಪದವನ್ನು ಎತ್ತಿಕೊಂಡಾಗ ಅದರ ದರ್ಪ ಇಳಿಯಿತು. ಅಪೊಸ್ತಲರ ಕೃತ್ಯಗಳ 20ನೇ ಅಧ್ಯಾಯ ನೋಡಿ. ಪೌಲ ಮಿಲೇತಕ್ಕೆ ಕರೆಸಿಕೊಳ್ಳುವುದು ಎಫೆಸದ ಸಭೆಯ ಹಿರಿಯರನ್ನು; ಮಾತು ಮುಂದುವರಿಯುತ್ತ ಅದೇ ಹಿರಿಯರನ್ನು ಅಧ್ಯಕ್ಷರು ಎನ್ನುತ್ತಾನೆ. ಹಿಂಡನ್ನು ಕಾಯುವ ಮೊದಲು ನಿಮ್ಮನ್ನು ನೀವು ನೋಡಿಕೊಳ್ಳಿ ಎಂಬುದು ಅವನ ಎಚ್ಚರಿಕೆಯ ಕ್ರಮ. ಒಂದೇ ಊರಿನ ಸಭೆಗೆ ಹಲವು ಅಧ್ಯಕ್ಷರು! ಫಿಲಿಪ್ಪಿಯವರಿಗೆ ಬರೆದ ಪತ್ರದ ಮೊದಲ ಸಾಲಿನಲ್ಲೂ ಅಧ್ಯಕ್ಷರು, ಸೇವಕರು ಎಂಬ ಬಹುವಚನವೇ ಇದೆ. ಒಬ್ಬರೇ ಬಿಷಪ್, ಅವರ ಕೆಳಗೆ ಹಿರಿಯರು, ಸೇವಕರು ಎಂಬ ಏಣಿ ನಮಗೆ ಸ್ಪಷ್ಟವಾಗಿ ಕಾಣುವುದು ಎರಡನೆಯ ಶತಮಾನದ ಆರಂಭದಲ್ಲಿ, ಅಂತಿಯೋಕ್ಯದ ಇಗ್ನೇಷಿಯಸ್ ಬರೆದ ಪತ್ರಗಳಲ್ಲಿ. ಮೊದಲು ಹಿರಿಯನೂ ಅಧ್ಯಕ್ಷನೂ ಒಬ್ಬನೇ ಆಗಿದ್ದ, ಒಡಕು ತಪ್ಪಿಸಲು ಒಬ್ಬನನ್ನು ಮೇಲಿಟ್ಟರು ಎಂದು ಸಂತ ಜೆರೋಮನೇ ಬರೆದಿದ್ದಾನೆ.

ಮುಂದಿನದು ಉಚ್ಚಾರಣೆಯ ಪಯಣ: ಲ್ಯಾಟಿನ್ನಿನಲ್ಲಿ ಎಪಿಸ್ಕೋಪುಸ್, ಪೋರ್ಚುಗೀಸರಲ್ಲಿ ಬಿಸ್ಪೊ, ಅಲ್ಲಿಂದ ಮಂಗಳೂರಿನ ಕೊಂಕಣಿಯಲ್ಲಿ ಬಿಸ್ಪ್, ಇಂಗ್ಲಿಷಿನಿಂದ ನಮ್ಮ ಬಿಷಪ್. ಕನ್ನಡದ ಕಥೋಲಿಕರು 'ಧರ್ಮಾಧ್ಯಕ್ಷ' ಎಂದು ಹಳೆಯ ಕಣ್ಣನ್ನು ಉಳಿಸಿಕೊಂಡರು. ಈ ಒಂದು ಹುದ್ದೆಯ ಅರ್ಥವನ್ನು ಒಪ್ಪಿಸಿಕೊಳ್ಳುವುದು ಎಷ್ಟು ಕಷ್ಟವಿತ್ತೆಂದರೆ, 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ, ಬೇರೆ ಬೇರೆ ಸಭೆಗಳ ಐಕ್ಯದ ಮಾತುಕತೆ ದಕ್ಷಿಣ ಭಾರತ ಸಭೆಯಾಗಿ ಕೈಗೂಡಿದ್ದು 1947ರ ಸೆಪ್ಟೆಂಬರ್ 27ರಂದು, ಮದರಾಸಿನಲ್ಲಿ. ಬಿಷಪರಿಲ್ಲದೆ ಬೆಳೆದ ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಸಭೆಗಳು ಬಿಷಪರನ್ನು ಒಪ್ಪಿದವು. ಆಂಗ್ಲಿಕನರು ಆ ಬಿಷಪರು ಸಂವಿಧಾನಕ್ಕೆ ಒಳಪಟ್ಟಿರಲಿ ಎಂದು ಒಪ್ಪಿದರು.

ನನ್ನನ್ನು ಹೆಚ್ಚು ತಟ್ಟುವುದು ಈ ಪದದ ಹತ್ತಿರದ ನೆಂಟ. ಎಪಿಸ್ಕೊಪೊಸ್ ಹುಟ್ಟಿದ ಬೇರಿನಿಂದಲೇ ಎಪಿಸ್ಕೆಪ್ಟೊಮೈ ಎಂಬ ಕ್ರಿಯಾಪದವೂ ಹುಟ್ಟಿದೆ. ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ರೋಗಿಯ ಬಳಿ ಹೋಗಿ ನೋಡಿದವರ ಮಾತು ಬರುವಾಗ ಇರುವುದು ಆ ಕ್ರಿಯಾಪದ. ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ಶುದ್ಧ ಭಕ್ತಿ ಎಂದು ಯಾಕೋಬ ಬರೆಯುವಾಗಲೂ ಅದೇ. ನಮ್ಮ ನುಡಿಯಲ್ಲೂ ಈ ನೆಂಟಸ್ತಿಕೆ ಇದೆ. ಕಚೇರಿಯಲ್ಲಿ ಮೇಲ್ವಿಚಾರಣೆ, ಮನೆಯಲ್ಲಿ ಯೋಗಕ್ಷೇಮದ ವಿಚಾರಣೆ. 'ಬಂದವರನ್ನು ಚೆನ್ನಾಗಿ ವಿಚಾರಿಸಿಕೊಂಡರು' ಎಂದರೆ ಪ್ರಶ್ನೆ ಕೇಳಿದರೆಂದಲ್ಲ, ಉಪಚರಿಸಿದರೆಂದು. ಸಭೆಯ ಆಡಳಿತದಲ್ಲಿ ಇವೆರಡೂ ಬೇರೆಯಾದರೆ ಉಳಿಯುವುದು ಲೆಕ್ಕಪತ್ರ, ಆಸ್ತಿ, ಕೋರ್ಟಿನ ಕಟ್ಟಲೆಗಳು ಮಾತ್ರ. ಅವೂ ಬೇಕು. ಯೆರೂಸಲೇಮಿನ ವಿಧವೆಯರಿಗೆ ದಿನದ ಊಟ ಹಂಚುವಲ್ಲಿ ಅನ್ಯಾಯವಾದಾಗ ಏಳು ಮಂದಿಯನ್ನು ಆರಿಸಿ ಆ ಕೆಲಸ ಒಪ್ಪಿಸಿದ್ದು ಒಳ್ಳೆಯ ಆಡಳಿತವೇ. ಆದರೆ ಅಲ್ಲಿಯೂ ವ್ಯವಸ್ಥೆ ಹುಟ್ಟಿದ್ದು ಹಸಿದವರ ದೂರನ್ನು ಕೇಳಿಸಿಕೊಂಡದ್ದರಿಂದ.

ತಿಮೊಥೆಯನಿಗೆ ಬರೆದ ಮೊದಲ ಪತ್ರದ 3ನೇ ಅಧ್ಯಾಯದ ಮೊದಲ ಏಳು ವಚನಗಳು ಸಭಾಧ್ಯಕ್ಷನಿಗೆ ಬೇಕಾದ ಗುಣಗಳನ್ನು ಹೇಳುತ್ತವೆ: ಅತಿಥಿಸತ್ಕಾರ, ಕಲಿಸುವ ಶಕ್ತಿ, ಜಗಳವಾಡದ ಸ್ವಭಾವ, ಹಣದಾಸೆ ಇಲ್ಲದಿರುವುದು, ತನ್ನ ಮನೆಯನ್ನು ಚೆನ್ನಾಗಿ ನಡೆಸಿರುವುದು. ಜಾತಿ, ಬಳಗ, ಭಾಷೆ, ಖರ್ಚು ಮಾಡುವ ಶಕ್ತಿ ಆ ಪಟ್ಟಿಯಲ್ಲಿಲ್ಲ. ನಿಮ್ಮ ಸಭೆಯಲ್ಲಿ ಹಿರಿಯರ ಆಯ್ಕೆಗೆ ಹೆಸರು ಬರೆದುಕೊಡುವ ದಿನ ಬಂದಾಗ ಆ ಏಳು ವಚನಗಳನ್ನು ಮೊದಲು ಗಟ್ಟಿಯಾಗಿ ಓದಿಸಿ. ಕಳೆದ ವರ್ಷ ಕಾಯಿಲೆ ಬಿದ್ದವರ ಮನೆಗೆ ಯಾರು ಹೋಗಿದ್ದರು ಎಂದು ನೆನೆದು, ಆಮೇಲೆ ಹೆಸರು ಬರೆಯಿರಿ.